ಬೀರಣ್ಣನ ಜಗಲಿಗೆ ಬಂದ ಹಡಗು

ನಮ್ಮೂರಿನಿಂದ ಸಮುದ್ರ ಎಷ್ಟು ದೂರ ಎಂದು ಅಳೆದವರಿಲ್ಲ. ತೂಬಗೆರೆಯ ಬಸ್ಸು ಇಳಿದು ಹೊಲದ ಬದುವಿನ ಮೇಲೆ ಅರ್ಧ ಗಂಟೆ ನಡೆದರೆ ಸಿಗುವ ಊರು ಅದು. ಅಲ್ಲಿ ನೀರೆಂದರೆ ಕೆರೆ, ಆ ಕೆರೆಯೂ ತುಂಬಿದ ವರ್ಷ ತುಂಬಿತು, ಇಲ್ಲದ ವರ್ಷ ಇಲ್ಲ. ಇಂಥ ಊರಿನಲ್ಲಿ, ಸಾವಿರದ ಒಂಬೈನೂರ ಎಪ್ಪತ್ತೊಂದನೇ ಇಸವಿಯ ಹೊತ್ತಿಗೆ, ಹಡಗನ್ನು ಬಂದರಿನ ಕಟ್ಟೆಗೆ ತಂದು ನಿಲ್ಲಿಸುವುದು ಹೇಗೆ ಎಂಬುದರ ಬಗ್ಗೆ ದನ ಕಾಯುವವರಿಂದ ಹಿಡಿದು ಸೊಪ್ಪು ಮಾರುವವರವರೆಗೆ ಎಲ್ಲರಿಗೂ ಖಚಿತವಾದ ಅಭಿಪ್ರಾಯಗಳಿದ್ದವು. ಅಭಿಪ್ರಾಯಭೇದದಿಂದ ಎರಡು ಮನೆಗಳ ನಡುವೆ ಮಾತೂ ನಿಂತಿತ್ತು. ಇದಕ್ಕೆಲ್ಲ ಕಾರಣ ಚಿಕ್ಕಬೀರಪ್ಪ.

ನಾನು ಆಗ ಅಲ್ಲಿನ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದೆ. ಸಕ್ಕರೆ, ಸೀಮೆಎಣ್ಣೆ ಅಳೆದು ಕೊಡುವುದು ನನ್ನ ಕೆಲಸ. ಬಾಡಿಗೆಗಿದ್ದದ್ದು ಚಿಕ್ಕಬೀರಪ್ಪನ ಪಕ್ಕದ ಮನೆಯಲ್ಲಿ, ನಡುವೆ ಒಂದೇ ಗೋಡೆ. ಅವರ ಮನೆಯ ಒಗ್ಗರಣೆಗೆ ನಾನು ಸೀನುತ್ತಿದ್ದೆ, ನನ್ನ ಸೀನಿಗೆ ಅವನ ಹೆಂಡತಿ ದ್ಯಾವಮ್ಮ ಆ ಕಡೆಯಿಂದ "ನೂರು ವರ್ಷ" ಅನ್ನುತ್ತಿದ್ದಳು. ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತಿಗೆ ಒಂದು ತೂಕವಿದೆ ಎಂದು ಓದುಗರು ನಂಬಬೇಕು.

ಚಿಕ್ಕಬೀರಪ್ಪ ಮೀಸೆ ಚಿಗುರುವ ವಯಸ್ಸಿನಲ್ಲಿ ಊರು ಬಿಟ್ಟು ಬೊಂಬಾಯಿಗೆ ಓಡಿಹೋಗಿ, ನೌಕಾಪಡೆಯ ಅಡಿಗೆಮನೆ ಸೇರಿದವನು. ಎಷ್ಟೋ ವರ್ಷಗಳ ಮೇಲೆ ಕೆಲಸ ಬಿಟ್ಟು ವಾಪಸು ಬಂದಾಗ ಜಮೀನು ತಮ್ಮನ ಕೈಗೆ ಒಗ್ಗಿಹೋಗಿತ್ತು. ಇವನು ನೇಗಿಲು ಹಿಡಿದರೆ ಎತ್ತುಗಳು ನಿಂತು ತಿರುಗಿ ನೋಡುತ್ತಿದ್ದವು. ರಾಗಿ ಕಟಾವಿಗೆ ಕರೆದರೆ ಕುಡುಗೋಲಿನಿಂದ ತನ್ನ ಕಾಲನ್ನೇ ಕೊಯ್ದುಕೊಂಡ. ಆಮೇಲೆ ಯಾರೂ ಕರೆಯಲಿಲ್ಲ. ಅರಳಿಕಟ್ಟೆಯ ಹತ್ತಿರ ಹೋದರೆ "ಬಾ, ಕೂತ್ಕೋ" ಅನ್ನುವವರೂ ಇರಲಿಲ್ಲ. ಊರಿನಲ್ಲಿ ಹುಟ್ಟಿಯೂ ನೆಂಟನಂತೆ ಓಡಾಡುತ್ತಿದ್ದ ಅವನನ್ನು ಕಂಡರೆ ನನಗೆ ಸಂಕಟವಾಗುತ್ತಿತ್ತು.

ಅವನ ಬಳಿ ಇದ್ದ ಆಸ್ತಿ ಎರಡೇ. ಒಂದು, "ನಾನು ಹಡಗಿನಲ್ಲಿದ್ದೋನು" ಎಂಬ ಮಾತು. ಇನ್ನೊಂದು, ತೊಗಲಿನ ಚೀಲದಲ್ಲಿ ಹಾಕಿದ್ದ ಟ್ರಾನ್ಸಿಸ್ಟರ್.

ಒಂದು ಭಾನುವಾರ ಸಂಜೆ ಅವನು ಜಗಲಿಯ ಮೇಲೆ ಕೂತು, ಹೊಂಗೆಮರಕ್ಕೆ ತಂತಿ ಕಟ್ಟಿ, ಮುಳ್ಳು ತಿರುಗಿಸುತ್ತಿದ್ದಾಗ ಲಂಡನ್ ಸ್ಟೇಷನ್ ಸಿಕ್ಕಿತು. ಸೀಟಿ ಊದಿದ ಸದ್ದು. ಕಡಲಹಕ್ಕಿಗಳ ಕೂಗು. ಯಾರೋ ದಪ್ಪ ದನಿಯಲ್ಲಿ ಗದರಿದರು, ಯಾರೋ ಸಣ್ಣ ದನಿಯಲ್ಲಿ ಹೆದರಿಕೊಂಡು ಉತ್ತರ ಕೊಟ್ಟರು. ಆಮೇಲೆ ಧಡಾರ್ ಎಂದು ಏನೋ ಏನಕ್ಕೋ ಹೊಡೆಯಿತು.

ದಾರಿಯಲ್ಲಿ ಹೋಗುತ್ತಿದ್ದ ಮುನಿಗಂಗಮ್ಮ ತಲೆಯ ಮೇಲಿನ ಹುಲ್ಲಿನ ಹೊರೆಯ ಸಮೇತ ನಿಂತಳು. ಅವಳು ಬೀದಿಗೆಲ್ಲ ಹಿರಿಯಳು. ಎಲ್ಲರೂ ಅಜ್ಜಿ ಅಂತಲೇ ಕರೆಯುತ್ತಿದ್ದರು.

"ಏನ್ಲಾ ಬೀರ, ಅದೇನು ಬಿತ್ತು?"

"ಹಡಗು, ಅಜ್ಜಿ. ಕಟ್ಟೆಗೆ ಹೊಡ್ಕೊಳ್ತು."

"ಯಾರ್ಗೂ ಏಟಾಗ್ಲಿಲ್ಲ ತಾನೆ?"

ಊರಿಗೆ ಬಂದ ಮೇಲೆ ಅವನನ್ನು ಒಬ್ಬರು ಹೀಗೆ ನಿಂತು ಪ್ರಶ್ನೆ ಕೇಳಿದ್ದು ಅದೇ ಮೊದಲು. ಚಿಕ್ಕಬೀರಪ್ಪ ಕಿವಿಯನ್ನು ರೇಡಿಯೋಕ್ಕೆ ಒತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿ, "ಇಲ್ಲ ಅಜ್ಜಿ. ಅಡಿಗೆಯೋನು ಅಡ್ಡ ಬಂದು ಎಲ್ರನ್ನೂ ಉಳಿಸ್ದ" ಅಂದ.

ಮುನಿಗಂಗಮ್ಮ ಹೊರೆ ಇಳಿಸಿ ಕೂತುಬಿಟ್ಟಳು.

ಅಲ್ಲಿಂದ ಶುರು. ಮುಂದಿನ ಭಾನುವಾರ ಹತ್ತು ಜನ ಬಂದರು, ಅದರ ಮುಂದಿನ ಭಾನುವಾರ ಜಗಲಿ ತುಂಬಿ ಬೀದಿಗೆ ಚಾಪೆ ಹಾಸಿದರು. ಲಂಡನ್ನಿನವರು ತಮ್ಮ ಹಡಗೊಂದರ ಕ್ಷೇಮಸಮಾಚಾರವನ್ನು ವಾರಕ್ಕೊಮ್ಮೆ ಪ್ರಪಂಚಕ್ಕೆಲ್ಲ ತಿಳಿಸುತ್ತಾರೆ ಎಂದು ಚಿಕ್ಕಬೀರಪ್ಪ ಹೇಳಿದ. ಅವನು ಹಾಗೆಂದೇ ನಂಬಿದ್ದ ಕೂಡ. ಅವನಿಗೆ ಬರುತ್ತಿದ್ದ ಇಂಗ್ಲಿಷು ಅಡಿಗೆಮನೆಯದು. ಆಲೂಗಡ್ಡೆ, ಉಪ್ಪು, ಬೇಗ, ಸರಿ ಸರ್, ಇಷ್ಟರಲ್ಲೇ ಅವನು ಅರ್ಧ ಗಂಟೆಯ ಹಡಗಿನ ವೃತ್ತಾಂತವನ್ನು ಒಂದು ಗಂಟೆ ವಿವರಿಸುತ್ತಿದ್ದ. ಯಾವ ವಾರ ಯಾವ ವಿಪತ್ತು ಬರಲಿ, ಕೊನೆಗೆ ಹಡಗನ್ನು ಕಾಪಾಡುತ್ತಿದ್ದವನು ಅಡಿಗೆಯವನು. ಇಂಗ್ಲಿಷರ ನೌಕಾಪಡೆಯ ವ್ಯವಸ್ಥೆಯೇ ಹಾಗಿರಬೇಕೆಂದು ನಾವು ತಿಳಿದೆವು.

ತೊಡಕಿದ್ದದ್ದು ಒಂದೇ. ಹಡಗು ಏನಕ್ಕಾದರೂ ಹೊಡೆದಾಗಲೆಲ್ಲ ರೇಡಿಯೋದಲ್ಲಿ ನೂರಾರು ಜನ ಗೊಳ್ಳೆಂದು ನಗುತ್ತಿದ್ದರು.

"ಅಲ್ಲಪ್ಪ, ಹಡಗು ಒಡೆದ್ರೆ ನಗೋರ್ಯಾರು?" ಎಂದು ಮುನಿಗಂಗಮ್ಮ ಕೇಳಿದಳು.

"ದಡದಾಗಿನ ಜನ ಅಜ್ಜಿ. ನೋಡಕ್ ಬಂದಿರ್ತಾರೆ."

"ಹೋದ್ವಾರ ಹಡಗು ಸಮುದ್ರದ ನಡುಮಧ್ಯ ಇತ್ತು ಅಂದ್ಯಲ್ಲ?"

ಚಿಕ್ಕಬೀರಪ್ಪ ಸ್ವಲ್ಪವೂ ತಡವರಿಸಲಿಲ್ಲ. "ಇನ್ನೊಂದು ಹಡಗಲ್ಲಿ ಹಿಂದೆ ಬರ್ತಾರೆ. ನಗೋರ್ದೇ ಒಂದು ಹಡಗು."

"ಥೂ, ಮನೆಹಾಳ್ರು" ಎಂದು ಇಡೀ ಬೀದಿ ಆ ಎರಡನೇ ಹಡಗಿಗೆ ಶಾಪ ಹಾಕಿತು.

ಹಡಗಿನವರಲ್ಲಿ ಊರಿಗೆಲ್ಲ ಪ್ರಿಯನಾದವನು ಆ ಸಣ್ಣ ದನಿಯವನು. ಅವನ ಹೆಸರು ಏನೆಂದು ಚಿಕ್ಕಬೀರಪ್ಪನಿಗೂ ಹಿಡಿಯಲಾಗಿರಲಿಲ್ಲ. ಅವನು ಬಾಯಿ ತೆರೆದರೆ ಸಾಕು, ದಪ್ಪ ದನಿಯವನು ಬೈಯುತ್ತಿದ್ದ. "ತಾಯಿ ಇಲ್ಲದ ಕೂಸಿರ್ಬೇಕು" ಎಂದು ಮುನಿಗಂಗಮ್ಮ ತೀರ್ಮಾನ ಕೊಟ್ಟಳು. ಅಂದಿನಿಂದ ಅವನು ನಮ್ಮೂರಿನ ತಬ್ಬಲಿಯಾದ. ಸೊಸೈಟಿಗೆ ಸಕ್ಕರೆಗೆ ಬಂದವರು ನನ್ನನ್ನು ಕೇಳುತ್ತಿದ್ದದ್ದೇ ಅದನ್ನು: "ಏನ್ ಗುಮಾಸ್ತ್ರೇ, ಆ ಹುಡುಗ ಈ ಸಲನಾದ್ರೂ ಹೊಟ್ಟೆ ತುಂಬ ಉಂಡ್ನಂತಾ?"

ಚಿಕ್ಕಬೀರಪ್ಪ ಈಗ ಬೀರಣ್ಣನಾದ. ಅರಳಿಕಟ್ಟೆಯ ಮೇಲೆ ಜನ ಸರಿದು ಜಾಗ ಕೊಟ್ಟರು. ಮದುವೆ ಮನೆಗಳಲ್ಲಿ ಅವನಿಗೆ ಮೊದಲ ಪಂಕ್ತಿ. ತಮ್ಮ ಕೂಡ "ಅಣ್ಣ, ಈ ಸಲ ಹುರುಳಿ ಹಾಕ್ಲಾ, ಅವರೆ ಹಾಕ್ಲಾ?" ಎಂದು ಕೇಳತೊಡಗಿದ. ಬೀರಣ್ಣನಿಗೆ ಹುರುಳಿಯೂ ಗೊತ್ತಿಲ್ಲ, ಅವರೆಯೂ ಗೊತ್ತಿಲ್ಲ. ಆದರೂ ಕೇಳಿದನಲ್ಲ ಎಂದು ಆ ದಿನ ಗೋಡೆಯ ಆಚೆ ಹೆಂಡತಿಗೆ ಮತ್ತೆ ಮತ್ತೆ ಹೇಳಿಕೊಂಡು ಹಿಗ್ಗಿದ್ದು ನನ್ನ ಕಿವಿಗೇ ಬಿತ್ತು.

ಹೀಗಿರುವಾಗ ಡಿಸೆಂಬರ್ ಬಂತು, ಯುದ್ಧವೂ ಬಂತು. ಆ ಭಾನುವಾರದ ಹಡಗಿನಲ್ಲಿ ಗಲಾಟೆ ಎಂದಿಗಿಂತ ಜೋರಾಗಿತ್ತು. ಸೀಟಿಯ ಮೇಲೆ ಸೀಟಿ. ದಪ್ಪ ದನಿಯವನು ಕಿರುಚಿದ. ಸಣ್ಣ ದನಿಯವನು ಇನ್ನೇನು ಅತ್ತೇಬಿಡುವಂತೆ ಏನೋ ಹೇಳಿದ. ಧಡಾರ್! ನೀರು ನುಗ್ಗಿದ ಸದ್ದು. ಅಷ್ಟೇ. ರೇಡಿಯೋ ಗೊರಗೊರ ಎಂದು ಸುಮ್ಮನಾಯಿತು.

ಸೆಲ್ಲು ಮುಗಿದಿತ್ತು.

ಬೀರಣ್ಣ ರೇಡಿಯೋವನ್ನು ತಟ್ಟಿದ, ಬೋರಲು ಹಾಕಿ ಕುಲುಕಿದ. ಮಾರನೆಯ ದಿನ ತೂಬಗೆರೆಯ ಅಂಗಡಿಗಳಲ್ಲಿ ವಿಚಾರಿಸಿದರೆ ಸೆಲ್ಲಿಲ್ಲ, ಯುದ್ಧ ಮುಗಿಯಲಿ ಅಂದರು. ಊರಿನಲ್ಲಿದ್ದ ಟಾರ್ಚುಗಳ ಹಳೆಯ ಸೆಲ್ಲುಗಳನ್ನೆಲ್ಲ ತಂದು ಬಿಸಿಲಿಗೆ ಕಾಯಿಸಿದರು. ಅವು ಬೆಚ್ಚಗಾದವೇ ಹೊರತು ಹಡಗಿನ ಸುದ್ದಿ ಕೊಡಲಿಲ್ಲ.

ಮುನಿಗಂಗಮ್ಮ ಎರಡು ಹೊತ್ತು ಉಣ್ಣಲಿಲ್ಲ. ಮೂರನೆಯ ಹೊತ್ತಿಗೆ ಎದ್ದು ಹೋಗಿ ಊರ ದೇವತೆ ಸಪ್ಪಲಮ್ಮನ ಗುಡಿಯ ಮುಂದೆ ನಿಂತು, ಊರಿಗೆಲ್ಲ ಕೇಳುವಂತೆ ಹರಕೆ ಹೊತ್ತಳು: "ತಾಯಿ, ಆ ಕೂಸು ನೀರಿಂದ ಈಚೆ ಬಂದು ಒಣನೆಲ ಮೆಟ್ಟಿದ್ರೆ ನಿಂಗೆ ತಂಬಿಟ್ಟಿನಾರತಿ ತತ್ತೀನಿ. ಆ ನಗೋರ ಹಡಗನ್ನ ಬೇಕಾದ್ರೆ ನೀನೇ ಇಟ್ಕೋ."

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಬಸ್ಸಿನ ಕಂಡಕ್ಟರ್ ಪಿಳ್ಳಣ್ಣ ಇದ್ದನಲ್ಲ! ತೂಬಗೆರೆಯಲ್ಲಿ ಹತ್ತಿದವರು ಅವನಿಗೆ "ಬೀರಣ್ಣನ ಹಡಗು ಏನಾಯ್ತೋ" ಅಂದರು. ಅವನು ಮುಂದಿನ ಸ್ಟಾಪಿನವರಿಗೆ "ಬೀರಣ್ಣ ಇದ್ದ ಹಡಗು ಹೋಯ್ತಂತೆ" ಅಂದ. ದೊಡ್ಡಬಳ್ಳಾಪುರದಲ್ಲಿ ಬಸ್ಸು ನಿಲ್ಲುವ ಹೊತ್ತಿಗೆ ಅದು ನಮ್ಮ ದೇಶದ ಯುದ್ಧನೌಕೆಯಾಗಿ, ಮುಳುಗಿ, ಆ ಗುಟ್ಟು ಸರ್ಕಾರಕ್ಕಿಂತ ಮುಂಚೆ ತೂಬಗೆರೆ ಹೋಬಳಿಯ ಒಬ್ಬ ಮನುಷ್ಯನಿಗೆ ತಿಳಿದುಹೋಗಿತ್ತು.

ಮಾರನೆಯ ಭಾನುವಾರ ಮಧ್ಯಾಹ್ನ ದಫೇದಾರ್ ಆದಿನಾರಾಯಣಪ್ಪ ಸೈಕಲ್ಲಿನಲ್ಲಿ ಬಂದರು. ದೊಡ್ಡ ಆಳು, ಅದಕ್ಕಿಂತ ದೊಡ್ಡ ಮೀಸೆ, ಅದಕ್ಕಿಂತಲೂ ದೊಡ್ಡ ಗಂಟಲು. ಅವರು ಕೆಮ್ಮಿದರೆ ಹಟ್ಟಿಯ ಕೋಳಿಗಳು ಗೂಡು ಸೇರುತ್ತಿದ್ದವು.

"ಚಿಕ್ಕಬೀರಪ್ಪ ಅನ್ನೋನು ಯಾವನಯ್ಯಾ?"

"ನಾನೇ ಸ್ವಾಮಿ."

"ಯುದ್ಧದ ಟೈಮಲ್ಲಿ ಹಡಗು ಮುಳುಗಿಸ್ತೀಯೇನಯ್ಯಾ?"

"ನಾನ್ ಮುಳುಗಿಸ್ಲಿಲ್ಲ ಸ್ವಾಮಿ. ಸೆಲ್ಲು ಮುಗೀತು."

ದಫೇದಾರರು ನನ್ನ ಕಡೆ ನೋಡಿದರು. ಊರಿನಲ್ಲಿ ಷರಟು ಹಾಕಿದವನು ನಾನೊಬ್ಬನೇ ಆದ್ದರಿಂದ ವಿವರಣೆ ನನ್ನ ಪಾಲಿಗೆ ಬಂತು. ಲಂಡನ್ ಸ್ಟೇಷನ್, ಭಾನುವಾರದ ಹಡಗು, ಸಣ್ಣ ದನಿಯ ತಬ್ಬಲಿ, ಸಪ್ಪಲಮ್ಮನ ಹರಕೆ, ಎಲ್ಲ ಹೇಳಿದೆ. ಹೇಳಿದ ಮೇಲೆ ಪ್ರಕರಣ ಮೊದಲಿಗಿಂತ ಗಂಭೀರವಾಗಿ ಕಂಡಿತು.

"ಸುಳ್ಳು ಸುದ್ದಿ ಹಬ್ಬಿಸಿದ್ರೆ ಒಳಗೆ ಹಾಕ್ತೀನಿ. ಇವತ್ತು ನಾನೇ ಕೇಳ್ತೀನಿ. ಇಂಗ್ಲಿಷು ಬಲ್ಲೋರು ಯಾರಿದಾರೆ ಇಲ್ಲಿ?"

ತೂಬಗೆರೆಯ ಸ್ಕೂಲಿನ ಸಂಜೀವಪ್ಪ ಮೇಷ್ಟ್ರನ್ನು ಕರೆಸಲಾಯಿತು. ಅವರು ಕೋಟು ಹಾಕಿಕೊಂಡೇ ಬಂದರು. ದಫೇದಾರರು ತಮ್ಮ ಟಾರ್ಚು ಬಿಚ್ಚಿ ಸರ್ಕಾರದ ಸೆಲ್ಲುಗಳನ್ನು ರೇಡಿಯೋಕ್ಕೆ ಹಾಕಿಕೊಟ್ಟರು. ಇಡೀ ಊರು ಸೇರಿತು. ಬೀರಣ್ಣ ಹೊಂಗೆಮರದ ತಂತಿಯನ್ನು ಎರಡೆರಡು ಸಲ ಬಿಚ್ಚಿ ಕಟ್ಟಿದ. ಸೆರೆಮನೆಯ ಭಯ ಒಂದು ಕಡೆ ಇರಲಿ. ನನಗೆ ಕಂಡ ಮಟ್ಟಿಗೆ ಅವನ ಭಯ ಬೇರೆ. ಈ ಜಗಲಿ ಹೋದರೆ ಅವನಿಗೆ ಆ ಊರಿನಲ್ಲಿ ಮತ್ತೆ ಕೂರಲು ಜಾಗವಿರಲಿಲ್ಲ.

ಮುಳ್ಳು ತಿರುಗಿತು. ಸೀಟಿ. ಕಡಲಹಕ್ಕಿ. ದಪ್ಪ ದನಿ. ಆಮೇಲೆ, ಅಗೋ, ಸಣ್ಣ ದನಿ!

"ಬದುಕವ್ನೆ! ನನ್ನಪ್ಪ ಬದುಕವ್ನೆ!" ಎಂದು ಮುನಿಗಂಗಮ್ಮ ಎದ್ದು ಎರಡೂ ಕೈ ಎತ್ತಿ ಮುಗಿದಳು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಗಂಡಸರು ಬೀಡಿ ಹಚ್ಚಿಕೊಂಡರು.

"ಸೈಲೆನ್ಸ್!" ಎಂದು ದಫೇದಾರರು ಗುಡುಗಿದರು. "ಮೇಷ್ಟ್ರೇ, ಏನ್ ಹೇಳ್ತಿದಾರೆ?"

ಮೇಷ್ಟ್ರು ಮಕ್ಕಳಿಗೆ ಇಂಗ್ಲಿಷು ಕಲಿಸುತ್ತಿದ್ದದ್ದು ನಿಜ. ಆದರೆ ಅದು ನಿಧಾನವಾಗಿ, ಕಪ್ಪು ಹಲಗೆಯ ಮೇಲೆ ಬರುವ ಇಂಗ್ಲಿಷು. ಇದು ಹಳ್ಳದ ನೀರಿನ ಹಾಗೆ ಹರಿದುಹೋಗುತ್ತಿತ್ತು. ಅವರ ಹಣೆ ಬೆವರಿತು. ಊರು ಬಾಯಿ ಬಿಟ್ಟು ಅವರನ್ನೇ ನೋಡುತ್ತಿತ್ತು.

"ಇದು... ಇದು ಅವರ ಪಾರ್ಲಿಮೆಂಟು" ಎಂದರು ಮೇಷ್ಟ್ರು.

"ಪಾರ್ಲಿಮೆಂಟಲ್ಲಿ ಸೀಟಿ ಯಾಕೆ ಹೊಡೀತಾರೆ?"

"ಸ್ಪೀಕರು ಹೊಡೀತಾರೆ. ಸದಸ್ಯರು ಕೂಗಾಡಿದಾಗ."

"ಆ ಹಕ್ಕಿಗಳು?"

"ವಿರೋಧ ಪಕ್ಷ" ಎಂದುಬಿಟ್ಟರು ಮೇಷ್ಟ್ರು. ಆಮೇಲೆ ತಮ್ಮ ಮಾತಿಗೆ ತಾವೇ ಗಾಬರಿಯಾಗಿ ಕನ್ನಡಕ ಒರೆಸತೊಡಗಿದರು.

ಅಷ್ಟರಲ್ಲಿ ಧಡಾರ್ ಎಂದಿತು. ದಫೇದಾರರ ಹುಬ್ಬು ಮೇಲೇರಿತು. ಅವರು ರೇಡಿಯೋವನ್ನು ಎತ್ತಿ ತಮ್ಮ ಕಿವಿಗೇ ಹಿಡಿದುಕೊಂಡರು. ನಗು ಬಂತು, ನಿಂತಿತು. ಮಾತು ಬಂತು. ಮತ್ತೆ ನಗು. ಕೊನೆಗೆ ಚಪ್ಪಾಳೆ, ಬ್ಯಾಂಡು, ಯಾರೋ ಒಬ್ಬೊಬ್ಬರದಾಗಿ ಹೆಸರು ಓದಿದರು. ದಫೇದಾರರು ರೇಡಿಯೋವನ್ನು ಕೆಳಗಿಟ್ಟು, ನೆಟ್ಟಗೆ ನಿಂತು, ತೀರ್ಪು ಕೊಡುವವರಂತೆ ಹೇಳಿದರು:

"ಇದು ನಾಟಕ ಕಣ್ರಯ್ಯಾ!"

ಮೇಷ್ಟ್ರು ಒರೆಸುತ್ತಿದ್ದ ಕನ್ನಡಕವನ್ನು ಮೂಗಿಗೇರಿಸಿಕೊಂಡರು.

"ನಾನು ಊರೂರಲ್ಲಿ ದುರ್ಯೋಧನನ ಪಾರ್ಟು ಮಾಡ್ದೋನು. ನಂಗ್ ಗೊತ್ತಾಗಲ್ವಾ? ಆ ಧಡಾರ್ ಅನ್ನೋದು ತಗಡು. ನಮ್ಮಲ್ಲಿ ಭೀಮನ ಗದೆಗೆ ಪರದೆ ಹಿಂದೆ ಅದನ್ನೇ ಬಡೀತಾರೆ. ಆ ನಗೋರು ಟಿಕೀಟ್ ತಗೊಂಡು ಕೂತಿರೋರು. ಹಡಗೂ ಇಲ್ಲ, ನೀರೂ ಇಲ್ಲ. ಲಂಡನ್ನಲ್ಲಿ ಒಂದು ರೂಮಲ್ಲಿ ಕೂತು ಆಡ್ತಿದಾರೆ, ಹಾಸ್ಯ ನಾಟಕ!" ಎಂದವರು ಬೀರಣ್ಣನ ಕಡೆ ತಿರುಗಿದರು. "ಅಷ್ಟು ವರ್ಷ ಹಡಗಲ್ಲಿದ್ದೆ ಅಂತೀಯ. ನಿಜವಾದ ಹಡಗು ಯಾವ್ದು, ತಗಡು ಯಾವ್ದು ನಿಂಗ್ ಗೊತ್ತಾಗ್ಲಿಲ್ವೇನಯ್ಯಾ?"

ಬೀರಣ್ಣ ತಲೆ ತಗ್ಗಿಸಿ ಬಹಳ ಸಣ್ಣ ದನಿಯಲ್ಲಿ ಹೇಳಿದ: "ಸ್ವಾಮಿ, ನನ್ನ ಹಡಗು ಅಲ್ಲಾಡ್ತಿರ್ಲಿಲ್ಲ."

"ಅಂದ್ರೆ?"

ಆಮೇಲೆ ಹೊರಬಂದ ಸಂಗತಿ ಇದು. ನೌಕಾಪಡೆಯವರಿಗೆ ಒಂದು ಪದ್ಧತಿಯುಂಟು. ದಡದ ಮೇಲಿರುವ ತಮ್ಮ ಕಚೇರಿ, ತರಬೇತಿಯ ಕಟ್ಟಡಗಳಿಗೂ ಹಡಗಿನ ಹೆಸರನ್ನೇ ಇಡುತ್ತಾರೆ, ಹಡಗೆಂದೇ ಕರೆಯುತ್ತಾರೆ. ಬೀರಣ್ಣ ಕೆಲಸ ಮಾಡಿದ ಹಡಗಿಗೆ ಕಲ್ಲಿನ ಪಾಯವಿತ್ತು, ಹೆಂಚಿನ ಚಾವಣಿಯಿತ್ತು, ಹಿತ್ತಿಲಲ್ಲಿ ಮಾವಿನ ಮರವಿತ್ತು. ಗೇಟು ದಾಟಿ ಬೀಡಿ ತರಲು ಹೋಗುವುದಾದರೂ "ಹಡಗಿಂದ ಇಳೀತೀನಿ" ಎಂದು ಹೇಳಿ ಅಪ್ಪಣೆ ಪಡೆಯಬೇಕಿತ್ತು. ನೀರಿನ ಮೇಲೆ ತೇಲುವ ಹಡಗನ್ನು ಅವನು ಕಂಡದ್ದು ಅಡಿಗೆಮನೆಯ ಕಿಟಕಿಯಿಂದ, ದೂರದಲ್ಲಿ.

"ನಾನು ಸುಳ್ಳು ಹೇಳ್ಲಿಲ್ಲ ಸ್ವಾಮಿ. ಅದು ಹಡಗೇ. ಆದ್ರೆ ಕಟ್ಟಡ" ಎಂದು ಮುಗಿಸಿದ.

ಎಲ್ಲರೂ ದ್ಯಾವಮ್ಮನ ಮುಖ ನೋಡಿದರು. ಅವಳು ಸೊಂಟದ ಮೇಲೆ ಕೈಯಿಟ್ಟು, "ನನ್ನೇನ್ ನೋಡ್ತೀರ? ಸಮುದ್ರದಾಗಿದ್ದೋನು ಒಂದ್ ದಿನನಾದ್ರೂ ಕೆರೇಲಿ ಮೊಣಕಾಲಿನ ಮೇಲಕ್ಕೆ ಇಳಿದವ್ನಾ? ಲಗ್ನ ಆದ ವರ್ಷವೇ ತಿಳ್ಕೊಂಡೆ. ಹೆಂಡ್ತಿ ಆದೋಳು ಅದನ್ನೆಲ್ಲ ಬೀದೀಲಿ ಸಾರ್ತಾಳಾ?" ಅಂದಳು.

ದಫೇದಾರರು ಟಾರ್ಚಿನ ಸೆಲ್ಲುಗಳನ್ನು ವಾಪಸು ಹಾಕಿಕೊಂಡರು. ನಾಟಕ ಕೇಳುವುದು ಯಾವ ಕಾನೂನಿನಲ್ಲೂ ಅಪರಾಧವಾಗಿರಲಿಲ್ಲ. "ಇನ್ನೊಂದ್ಸಲ ಹಡಗು ಗಿಡಗು ಅಂತ ನನ್ ಕಿವಿಗೆ ಬಿದ್ರೆ ನೋಡು" ಎಂದು ಹೇಳಿ ಸೈಕಲ್ ಹತ್ತಿದರು. ಸಂಜೀವಪ್ಪ ಮೇಷ್ಟ್ರು ಅದಾಗಲೇ ಕೆರೆ ಏರಿ ದಾಟಿದ್ದರು. ಜನ ಒಬ್ಬೊಬ್ಬರಾಗಿ ಚಾಪೆ ಸುತ್ತಿಕೊಂಡರು. ಯಾರೂ ಬೀರಣ್ಣನನ್ನು ಬೈಯಲಿಲ್ಲ, ಮಾತೂ ಆಡಿಸಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ನನಗನಿಸಿತು.

ಕೊನೆಗೆ ಉಳಿದವಳು ಮುನಿಗಂಗಮ್ಮ. "ಹಂಗಾದ್ರೆ ಆ ಕೂಸು ನೀರ ಮೇಲಿಲ್ವಾ ಬೀರ?"

"ಇಲ್ಲ ಅಜ್ಜಿ. ಒಣನೆಲದ ಮೇಲೇ ಅವ್ನೆ. ಸಾಯಂಕಾಲ ಆದ್ರೆ ಮನೆಗ್ ಹೋಗಿ ಉಣ್ತಾನೆ."

"ಅಮ್ಮ ನಡೆಸಿಕೊಟ್ಟವ್ಳೆ ಬಿಡು" ಎಂದು ಅಜ್ಜಿ ನೆಮ್ಮದಿಯಾಗಿ ಎದ್ದಳು. ಮಂಗಳವಾರ ತಂಬಿಟ್ಟು ಮಾಡಿ, ದೀಪ ಹಚ್ಚಿ, ತಲೆಯ ಮೇಲೆ ಹೊತ್ತು ಸಪ್ಪಲಮ್ಮನಿಗೆ ಆರತಿ ಬೆಳಗಿದಳು. ಲಂಡನ್ನಿನ ಹಾಸ್ಯನಟನೊಬ್ಬನ ಹೆಸರಿನಲ್ಲಿ, ಅದೂ ಅವನ ಹೆಸರೇ ತಿಳಿಯದೆ, ನಡೆದ ಆರತಿ ಬಹುಶಃ ಅದೊಂದೇ. ಆ ಮಹಾನುಭಾವನಿಗೆ ಇದು ತಿಳಿಯದೇ ಹೋಯಿತಲ್ಲ ಎಂದು ಇವತ್ತಿಗೂ ನನಗೆ ಬೇಸರವಿದೆ.

ಆ ವಾರವೆಲ್ಲ ಬೀರಣ್ಣ ಹೊರಗೆ ಬರಲಿಲ್ಲ. ಗೋಡೆಯ ಆಚೆ ಮಾತಿಲ್ಲ. ನಾನು ಸೀನಿದರೂ ಆ ಕಡೆಯಿಂದ ಹಾರೈಕೆ ಬರಲಿಲ್ಲ.

ಭಾನುವಾರ ಸಂಜೆ ನಾನು ಹೊರಗೆ ಬಂದು ನೋಡಿದರೆ ಬೀದಿಯಲ್ಲಿ ಚಾಪೆಗಳು ಹಾಸಿದ್ದವು. ಎಲ್ಲರೂ ಬಂದಿದ್ದರು. ಯಾರೂ ಯಾರನ್ನೂ ಕರೆದಿರಲಿಲ್ಲ. ಮುಚ್ಚಿದ ಬಾಗಿಲನ್ನು ನೋಡುತ್ತ, ರಾಗಿ ಬೆಲೆಯ ವಿಷಯ ಮಾತಾಡುತ್ತ ಕೂತಿದ್ದರು. ಸ್ವಲ್ಪ ಹೊತ್ತಿಗೆ ಸೈಕಲ್ಲಿನ ಗಂಟೆ ಕೇಳಿತು. ದಫೇದಾರರು! ಖಾಕಿ ಇರಲಿಲ್ಲ, ಪಂಚೆ, ಹೆಗಲ ಮೇಲೆ ಟವೆಲು, ಕೈಯಲ್ಲಿ ಟಾರ್ಚು. ಬಂದವರೇ ಜಗಲಿಯ ಕಂಬಕ್ಕೆ ಒರಗಿ ಕೂತು, "ಬೀರಪ್ಪಾ!" ಎಂದು ಕೂಗಿದರು. ಹಟ್ಟಿಯ ಕೋಳಿಗಳು ಗೂಡು ಸೇರಿದವು.

ಬಾಗಿಲು ಅರ್ಧ ತೆರೆಯಿತು.

"ಸೆಲ್ಲು ತಂದಿದೀನಿ. ಹೇಳಯ್ಯಾ, ಆ ಹಡಗಿನೋರು ಏನಾದ್ರು?"

"ನಾಟಕ ಅಂತ ತಾವೇ ಅಂದ್ರಲ್ಲ ಸ್ವಾಮಿ."

"ನಾಟಕ ಅಂದ್ಮೇಲೆ ತಾನೇ ಬಂದಿರೋದು! ಸುದ್ದಿ ಆಗಿದ್ರೆ ನಂಗ್ಯಾಕಯ್ಯಾ?"

ಬೀರಣ್ಣ ಹೊಸ್ತಿಲಲ್ಲೇ ನಿಂತ. "ನಂಗೆ ಅವ್ರ ಇಂಗ್ಲಿಷು ಬರಲ್ಲ ಸ್ವಾಮಿ. ಆ ಅಡಿಗೆಯೋನು, ಆ ಬಿರುಗಾಳಿ, ಎಲ್ಲ ನಾನೇ ಕಟ್ಟಿ ಹೇಳ್ತಿದ್ದೆ. ಅವ್ರು ಏನಂತಿದ್ರೋ ನಂಗೆ ಒಂದೂ ಗೊತ್ತಿಲ್ಲ."

ಇಷ್ಟು ಹೇಳಿ ಅವನು ಕಾದ. ಊರು ಇನ್ನು ಎದ್ದು ಹೋಗಲಿ ಎಂದು ಕಾದ. ಯಾರೂ ಏಳಲಿಲ್ಲ.

"ಅದು ನಮ್ಗೆ ಗೊತ್ತಾಗ್ಲಿಲ್ವಾ?" ಎಂದಳು ಮುನಿಗಂಗಮ್ಮ, ಎಲೆಅಡಿಕೆ ಜಗಿಯುತ್ತ. "ನಾವೇನು ಲಂಡನ್ನೋರ್ನ ಕೇಳಕ್ ಬತ್ತಿದ್ವಾ? ನಿನ್ನ ಕೇಳಕ್ ಬತ್ತಿದ್ವಿ. ಕೂತ್ಕೋ ಬಾ."

ಬೀರಣ್ಣ ಟವೆಲಿನಿಂದ ಮುಖ ಒರೆಸಿಕೊಂಡು ಬಂದು ಕೂತ. ಒಳಗಿನಿಂದ ದ್ಯಾವಮ್ಮ ಬಂದು, ಅದುವರೆಗೂ ಒಂದು ದಿನವೂ ಕೂರದವಳು, ಮುಂದಿನ ಸಾಲಿನಲ್ಲಿ ಕೂತಳು. ಅವನು ಒಮ್ಮೆ ಕೆಮ್ಮಿ ಕಥೆ ಶುರುಮಾಡಿದ. ದಫೇದಾರರು ಮಂಡಿ ತಟ್ಟಿಕೊಂಡು ನಕ್ಕರು. ನಾನು ಆಮೇಲೆ ಬೆಂಗಳೂರಿನ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಕೂತು ಎಷ್ಟೋ ನಾಟಕ ನೋಡಿದ್ದೇನೆ. ಅಂಥ ಸಂಜೆ ಮತ್ತೆ ಸಿಗಲಿಲ್ಲ.

ಕಥೆ ಮುಗಿದಾಗ ಪೂರ್ತಿ ಕತ್ತಲಾಗಿತ್ತು. ರೇಡಿಯೋ ಹಾಕುವುದನ್ನೇ ಬೀರಣ್ಣ ಮರೆತಿದ್ದ. ಯಾರೂ ಅವನಿಗೆ ನೆನಪು ಮಾಡಿರಲಿಲ್ಲ.